ನಾಳೆ ಬರ್ತೀರಲ್ವಾ?

ನೌಕರರ ನಿವೃತ್ತಿ ಪತ್ರಕ್ಕೆ ಸಹಿ ಹಾಕುವ ಎಲ್ಲ ಮುಖ್ಯಸ್ಥರಿಗೆ ಮತ್ತು ಆಡಳಿತ ವಿಭಾಗದವರಿಗೆ,

ನಮಸ್ಕಾರ.

ನೀವು ಕಚೇರಿಯವರಿರಬಹುದು, ಕಾರ್ಖಾನೆಯವರಿರಬಹುದು, ಶಾಲೆಯವರೋ ಆಸ್ಪತ್ರೆಯವರೋ ಇರಬಹುದು. ಆಗಾಗ ನಿಮ್ಮ ಮೇಜಿಗೆ ಒಂದು ಪಟ್ಟಿ ಬರುತ್ತದೆ. ಈ ತಿಂಗಳ ಕೊನೆಗೆ ಯಾರು ಯಾರು ನಿವೃತ್ತರಾಗುತ್ತಾರೆ ಅನ್ನುವ ಪಟ್ಟಿ. ಅಂಥ ಪಟ್ಟಿಯನ್ನು ಬಹಳ ವರ್ಷ ತಯಾರು ಮಾಡಿದವನು ನಾನು. 33 ವರ್ಷ ಕೆಲಸ ಮಾಡಿದೆ. ಅದರಲ್ಲಿ ಕೊನೆಯ 11 ವರ್ಷ ನಿವೃತ್ತರಾಗುವವರ ಕಡತಗಳೇ ನನ್ನ ಕೆಲಸ. ಸೇವಾ ಪುಸ್ತಕದಲ್ಲಿ ಜನ್ಮ ದಿನಾಂಕ ತಾಳೆ ನೋಡುವುದು, ಉಳಿದ ರಜೆಯ ಲೆಕ್ಕ ಹಾಕುವುದು, ನಾಮಿನಿ ಹೆಸರು ಸರಿಯಿದೆಯಾ ಅಂತ ಕೇಳುವುದು, ಬೇಬಾಕಿ ಪತ್ರ ಕೊಡಿಸುವುದು. ಒಬ್ಬರ ಹಣವೂ ನನ್ನಿಂದ ತಡವಾಗಲಿಲ್ಲ. ಆ ಬಗ್ಗೆ ಇವತ್ತಿಗೂ ನನಗೆ ಸಮಾಧಾನವಿದೆ.

ಆದರೆ ಅಷ್ಟೂ ಜನರಲ್ಲಿ ಒಬ್ಬರನ್ನೂ ನಾನು ಒಂದು ಮಾತು ಕೇಳಲಿಲ್ಲ. "ಸೋಮವಾರ ಬೆಳಿಗ್ಗೆ ಎದ್ದು ಏನು ಮಾಡ್ತೀರಿ?" ಅಂತ.

ನೀವೂ ಕೇಳುತ್ತಿಲ್ಲ ಅಂತ ನನಗೆ ಗೊತ್ತು. ಕೇಳಬೇಕು ಅಂತ ಯಾವ ಫಾರಂನಲ್ಲೂ ಬರೆದಿಲ್ಲ. ಅದಕ್ಕೇ ಈ ಪತ್ರ.

ಮೊದಲು ಒಬ್ಬರ ವಿಷಯ ಹೇಳಬೇಕು. ನಮ್ಮ ವಿಭಾಗದಲ್ಲೇ ಇದ್ದ ಹಿರಿಯರು. ನನಗೆ ಕೆಲಸ ಕಲಿಸಿದವರು. ಅವರ ಬೀಳ್ಕೊಡುಗೆ ಚೆನ್ನಾಗಿಯೇ ಆಯಿತು. ಭಾಷಣ, ಉಡುಗೊರೆ, ಎಲ್ಲರೂ ನಿಂತು ಒಂದು ಫೋಟೋ. ನಾಲ್ಕೇ ದಿನಕ್ಕೆ ಅವರು ಮತ್ತೆ ಕಚೇರಿಗೆ ಬಂದರು. ಯಾವುದೋ ಕಾಗದದ ಜೆರಾಕ್ಸ್ ಬೇಕಿತ್ತಂತೆ. ಮುಂದಿನ ವಾರ ಬಂದರು, ಡ್ರಾಯರಿನಲ್ಲಿ ಕನ್ನಡಕದ ಡಬ್ಬಿ ಬಿಟ್ಟಿದ್ದೆ ಅಂದರು. ಆಮೇಲೆ ನೆಪ ಹೇಳುವುದನ್ನು ಬಿಟ್ಟರು. ಸುಮ್ನೆ ಬಂದು, ಹೊರಗಿನವರಿಗೆ ಅಂತ ಇಟ್ಟ ಕುರ್ಚಿಯಲ್ಲಿ ಕೂರುತ್ತಿದ್ದರು. ಅವರ ಜಾಗಕ್ಕೆ ಹೊಸ ಹುಡುಗ ಬಂದಿದ್ದ. ಒಂದು ದಿನ ಅವನು ಯಾವುದೋ ಹಳೇ ಕಡತ ಹುಡುಕುತ್ತಿದ್ದ. ಇವರು ಎದ್ದು ನಿಂತು, "ಆ ಬೀರುವಿನ ಕೆಳಗಿನ ಅರೆಯಲ್ಲಿ ನೋಡಪ್ಪ" ಅಂದರು. ಅವನು ಒಳ್ಳೇ ಹುಡುಗನೇ. "ಪರವಾಗಿಲ್ಲ ಸರ್, ಈಗ ಎಲ್ಲಾ ಕಂಪ್ಯೂಟರ್‌ನಲ್ಲಿದೆ" ಅಂದ. ಇವರು ಮತ್ತೆ ಕೂತರು. ಅವತ್ತೇ ಕೊನೆ. ಆಮೇಲೆ ಬರಲಿಲ್ಲ.

ಅವರು ಬರುವುದು ನಿಂತಾಗ ನನಗೆ ಸ್ವಲ್ಪ ಹಗುರವಾಯಿತು. ಬಂದಾಗಲೆಲ್ಲ ಕೆಲಸ ಬಿಟ್ಟು ಮಾತಾಡಿಸಬೇಕಿತ್ತಲ್ಲ. ಇದನ್ನು ಬರೆಯಲು ಕಷ್ಟವಾಗುತ್ತದೆ, ಆದರೆ ನಿಜ ಅದೇ.

ಕೆಲವು ವರ್ಷ ಕಳೆದು ನನ್ನ ಸರದಿ ಬಂತು. ಮೊದಲ ಎರಡು ತಿಂಗಳು ಬಹಳ ಚೆನ್ನಾಗಿತ್ತು. ಅಲಾರಂ ಇಲ್ಲದೆ ಏಳುವುದು, ಬೀರು ಜೋಡಿಸುವುದು, ತುಂಬಾ ದಿನದಿಂದ ಮುಂದೂಡಿದ್ದ ಒಂದು ಪ್ರವಾಸ. ರಾಬರ್ಟ್ ಆಚ್ಲಿ ಎಂಬ ಸಮಾಜಶಾಸ್ತ್ರಜ್ಞರು 1976ರಲ್ಲೇ ನಿವೃತ್ತಿಯ ಹಂತಗಳನ್ನು ಗುರುತಿಸಿದ್ದರು. ಮೊದಲು ಬರುವುದು ಮಧುಚಂದ್ರದಂಥ ಕಾಲ. ಅದರ ಬೆನ್ನಿಗೇ ಭ್ರಮೆ ಕಳಚುವ ಕಾಲ. ಎಲ್ಲರಿಗೂ ಇದೇ ಕ್ರಮದಲ್ಲಿ ಆಗಬೇಕು ಅಂತಿಲ್ಲ. ನನಗಂತೂ ಹಾಗೇ ಆಯಿತು. ಮೂರನೇ ತಿಂಗಳ ಹೊತ್ತಿಗೆ ಫೋನ್ ಬರುವುದು ನಿಂತಿತ್ತು. ಯಾರ ಮೇಲೂ ಕೋಪ ಇರಲಿಲ್ಲ. ಆರೋಗ್ಯ ಸರಿಯಿತ್ತು, ಹಣಕ್ಕೆ ತೊಂದರೆ ಇರಲಿಲ್ಲ. ಆದರೆ ಬೆಳಿಗ್ಗೆ ಹತ್ತು ಗಂಟೆಗೆ ಎದೆಯಲ್ಲಿ ಏನೋ ಒಂದು ಖಾಲಿ. ದಿನಪತ್ರಿಕೆಯನ್ನು ಎರಡು ಸಲ ಓದುತ್ತಿದ್ದೆ. ಸಿಕ್ಕವರೆಲ್ಲ "ಇನ್ನೇನು ಆರಾಮಾಗಿರಿ" ಅನ್ನುತ್ತಿದ್ದರು. ಆ ಮಾತು ಕೇಳಿದರೆ ಸಂಕಟವಾಗುತ್ತಿತ್ತು.

ನನ್ನ ಹೆಂಡತಿ ಒಂದು ಸಂಜೆ ಹೇಳಿದಳು: "ನೀವು ಮನೇಲಿರೋದು ನಂಗೆ ಬೇಜಾರಲ್ಲ. ದಿನಾ ಬಾಗಿಲು ನೋಡ್ತಾ ಕೂತಿರ್ತೀರಲ್ಲ, ಅದು ನೋಡೋಕಾಗಲ್ಲ."

ಬಾಗಿಲು ನೋಡುತ್ತಾ ಕೂರುತ್ತೇನೆ ಅಂತ ಅವಳು ಹೇಳುವವರೆಗೆ ನನಗೇ ಗೊತ್ತಿರಲಿಲ್ಲ.

ಇದು ನನ್ನೊಬ್ಬನ ದುರ್ಬಲ ಮನಸ್ಸು ಅಂದುಕೊಂಡಿದ್ದೆ. ಆಮೇಲೆ ಓದತೊಡಗಿದೆ. 1967ರಲ್ಲಿ ಹೋಮ್ಸ್ ಮತ್ತು ರಾಹೆ ಎಂಬ ಇಬ್ಬರು ವೈದ್ಯರು ಬದುಕಿನ 43 ಘಟನೆಗಳನ್ನು ಪಟ್ಟಿ ಮಾಡಿ, ಯಾವುದು ಮನುಷ್ಯನನ್ನು ಎಷ್ಟು ಅಲುಗಿಸುತ್ತದೆ ಅಂತ ಅಂಕ ಕೊಟ್ಟರು. ಸಂಗಾತಿಯ ಸಾವಿಗೆ 100. ಮದುವೆಗೆ 50. ಕೆಲಸದಿಂದ ತೆಗೆದುಹಾಕಿದರೆ 47. ನಿವೃತ್ತಿಗೆ 45, ಅಂದರೆ ಪಟ್ಟಿಯಲ್ಲಿ ಹತ್ತರ ಒಳಗೇ ಬಂತು. ಕೆಲಸ ಕಳೆದುಕೊಂಡವನಿಗೂ ನಿವೃತ್ತನಾದವನಿಗೂ ಬರೀ ಎರಡು ಅಂಕದ ವ್ಯತ್ಯಾಸ. ಒಬ್ಬನನ್ನು ನೋಡಿ ಅಯ್ಯೋ ಅನ್ನುತ್ತೇವೆ. ಇನ್ನೊಬ್ಬನಿಗೆ ಅಭಿನಂದನೆ ಹೇಳಿ ಮನೆಗೆ ಕಳಿಸುತ್ತೇವೆ.

ಇನ್ನೊಂದು ಅಧ್ಯಯನ ನನ್ನನ್ನು ಬಹಳ ಕಾಡಿದೆ. ಆಸ್ಟ್ರಿಯಾದಲ್ಲಿ ಮರಿಯಂಟಾಲ್ ಅಂತ ಒಂದು ಹಳ್ಳಿ. ಊರಿಗೆಲ್ಲ ಅನ್ನ ಕೊಡುತ್ತಿದ್ದ ಬಟ್ಟೆ ಗಿರಣಿ ಮುಚ್ಚಿತು. ಮರೀ ಯಹೋಡಾ ಎಂಬ ಸಮಾಜ ಮನಶ್ಶಾಸ್ತ್ರಜ್ಞೆ ಮತ್ತು ಅವರ ಜೊತೆಗಾರರು 1930ರ ದಶಕದ ಆರಂಭದಲ್ಲಿ ಅಲ್ಲಿಗೆ ಹೋಗಿ ಜನರ ದಿನಚರಿಯನ್ನು ಹತ್ತಿರದಿಂದ ನೋಡಿದರು. ಕೆಲಸವಿಲ್ಲ, ಕೈತುಂಬಾ ಸಮಯ ಇದೆ. ಹಾಗಾದರೆ ಜನ ಜಾಸ್ತಿ ಓದಬೇಕಿತ್ತು, ಅಲ್ವಾ? ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಸುಮಾರು ಅರ್ಧಕ್ಕೆ ಇಳಿದಿತ್ತು. ಗಂಡಸರು ಬೀದಿಯಲ್ಲಿ ನಡೆಯುವ ವೇಗವನ್ನೂ ಗಡಿಯಾರ ಹಿಡಿದು ನೋಡಿದರು. ಅದೂ ನಿಧಾನವಾಗಿತ್ತು. ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ಹೆಂಗಸರು ಹಾಗೆ ನಿಲ್ಲುತ್ತಿರಲಿಲ್ಲ, ಮನೆಗೆಲಸ ಕಾಯುತ್ತಿತ್ತಲ್ಲ. ಆ ಊರಿನವರು ನಿವೃತ್ತರಲ್ಲ, ಬಡತನವೂ ಅವರನ್ನು ಹಿಂಡಿತ್ತು. ಅದು ಬೇರೆ ಮಾತು. ಆದರೂ ಯಹೋಡಾ ಮುಂದೆ ಹೇಳಿದ್ದು ನಮಗೂ ತಗಲುತ್ತದೆ. ಕೆಲಸ ಬರೀ ಸಂಬಳ ಕೊಡುವುದಿಲ್ಲ. ದಿನಕ್ಕೊಂದು ಆಕಾರ ಕೊಡುತ್ತದೆ, ಮನೆಯಾಚೆ ನಾಲ್ಕು ಜನರನ್ನು ಕೊಡುತ್ತದೆ, ಹತ್ತು ಜನ ಸೇರಿ ಮಾಡುವ ಒಂದು ಗುರಿಯನ್ನೂ ನಾನು ಯಾರು ಅನ್ನುವ ಉತ್ತರವನ್ನೂ ಕೊಡುತ್ತದೆ.

ನಿವೃತ್ತಿ ವೇತನ ಇವುಗಳಲ್ಲಿ ಸಂಬಳದ ಜಾಗವನ್ನು ಮಾತ್ರ ತುಂಬುತ್ತದೆ. ಉಳಿದವುಗಳ ಬಗ್ಗೆ ನಾನು 11 ವರ್ಷದಲ್ಲಿ ಒಂದು ಕಡತವನ್ನೂ ತೆರೆಯಲಿಲ್ಲ.

ಒಂದು ಲೆಕ್ಕ ಹೇಳುತ್ತೇನೆ. ಲೆಕ್ಕ ನನ್ನ ಹಳೇ ಅಭ್ಯಾಸ. ಜರ್ಮನಿಯಲ್ಲಿ 1889ರಲ್ಲಿ, ಬಿಸ್ಮಾರ್ಕ್ ಚಾನ್ಸೆಲರ್ ಆಗಿದ್ದ ಕಾಲದಲ್ಲಿ, ಮುಪ್ಪಿನ ಪಿಂಚಣಿಯ ಕಾನೂನು ಬಂದಾಗ ವಯಸ್ಸಿನ ಮಿತಿ 70 ಇತ್ತು. 1916ರಲ್ಲಿ ಅದನ್ನು 65ಕ್ಕೆ ಇಳಿಸಿದರು. ಆಗ ಅಲ್ಲಿಯವರೆಗೆ ಬದುಕುವವರೇ ಕಡಿಮೆ. ಈಗ ಜಗತ್ತಿನಲ್ಲಿ 60 ದಾಟಿದವರು ಸರಾಸರಿ ಇನ್ನೂ 20 ವರ್ಷಕ್ಕಿಂತ ಜಾಸ್ತಿ ಬದುಕುತ್ತಾರೆ. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಅಂತ ಹಿಡಿದರೆ ನನ್ನ 33 ವರ್ಷದ ಸೇವೆ 79,200 ಗಂಟೆ. ಮುಂದಿನ 20 ವರ್ಷವನ್ನು ಅದೇ ಅಳತೆಯಲ್ಲಿ ಅಳೆದರೆ 48,000 ಗಂಟೆ. ಮಾಡಿ ಮುಗಿಸಿದ ಸೇವೆಯ ಅರ್ಧಕ್ಕಿಂತ ಜಾಸ್ತಿ. ಅಷ್ಟು ಗಂಟೆಗಳನ್ನು ಒಬ್ಬರ ಕೈಗೆ ಕೊಟ್ಟು, ಒಂದು ಗಂಟೆಯ ಸಮಾರಂಭ ಮಾಡಿ ಕಳಿಸುತ್ತೀರಿ.

ನನ್ನ ಬಾಗಿಲು ನೋಡುವ ಕಾಲ ಮುಗಿದದ್ದು ಹೀಗೆ. ಹೆಂಡತಿ ಗ್ರಂಥಾಲಯದ ಗೋಡೆಯಲ್ಲಿ ಒಂದು ಚೀಟಿ ನೋಡಿ ಬಂದಳು. ಕಣ್ಣು ಕಾಣದ ಕಾಲೇಜು ವಿದ್ಯಾರ್ಥಿನಿಯೊಬ್ಬಳಿಗೆ ಪಾಠ ಓದಿ ಹೇಳುವವರು ಬೇಕಿದ್ದರು. "ನಾಳೆ ಹೋಗಿ ಬನ್ನಿ" ಅಂದಳು. ಮನಸ್ಸಿಲ್ಲದೆ ಹೋದೆ. ಮೊದಲ ದಿನ ಇತಿಹಾಸದ ಒಂದು ಅಧ್ಯಾಯ ಓದಿದೆ. ಸ್ವಲ್ಪ ಹೊತ್ತಿಗೆ ಆ ಹುಡುಗಿ ತಡೆದಳು. "ಸರ್, ಕಾಮಾ ಇರೋ ಕಡೆ ಸ್ವಲ್ಪ ನಿಲ್ತೀರಾ? ನನಗೆ ವಾಕ್ಯ ಕಾಣಬೇಕು." ನಿಂತು ನಿಂತು ಓದಿದೆ. ಫೋನಿನಲ್ಲಿ ಪಠ್ಯವನ್ನು ಓದಿ ಹೇಳುವ ಆ್ಯಪ್ ಅವಳ ಹತ್ತಿರ ಇತ್ತು. ಆದರೆ ಆ ಹಳೆಯ ಪುಸ್ತಕಗಳ ಅಚ್ಚು ಮಸುಕಾಗಿತ್ತು, ಆ್ಯಪ್ ತಪ್ಪು ತಪ್ಪಾಗಿ ಓದುತ್ತಿತ್ತು. ಚಿತ್ರ, ನಕಾಶೆ ಬಂದರಂತೂ ಅದರ ಕೈಲಿ ಆಗುತ್ತಲೇ ಇರಲಿಲ್ಲ. ಒಂದೂವರೆ ಗಂಟೆ ಆಯಿತು. ನಾನು ಎದ್ದಾಗ ಅವಳು ಕೇಳಿದಳು:

"ಸರ್, ನಾಳೆ ಬರ್ತೀರಲ್ವಾ?"

ಐದಾರು ತಿಂಗಳಿನಿಂದ ಯಾರೂ ನನ್ನನ್ನು ಕೇಳದ ಪ್ರಶ್ನೆ ಅದು. 33 ವರ್ಷ ಯಾರೂ ಕೇಳಿರಲಿಲ್ಲ, ಯಾಕೆಂದರೆ ಕೇಳುವ ಅಗತ್ಯವೇ ಇರಲಿಲ್ಲ. ನಾಳೆ ಬರುತ್ತೇನೆ ಅಂತ ಎಲ್ಲರಿಗೂ ಗೊತ್ತಿತ್ತು. ಮನೆಗೆ ನಡೆದು ಬರುವಾಗ ದಾರಿಯಲ್ಲಿ ನಿಂತು ಕಣ್ಣೊರೆಸಿಕೊಂಡೆ.

ಆಮೇಲೆ ಅವಳಿಗಾಗಿ ನಾನು ಕಲಿತದ್ದು ಬಹಳ. ಭೂಗೋಳದಲ್ಲಿ ನಕಾಶೆ ಬಂತು. ನಕಾಶೆಯನ್ನು ಮಾತಿನಲ್ಲಿ ಹೇಳುವುದು ಹೇಗೆ? ಎರಡು ದಿನ ಒದ್ದಾಡಿದೆ. ಕೊನೆಗೆ ದಪ್ಪ ರಟ್ಟಿನ ಮೇಲೆ ನಕಾಶೆ ಬರೆದು, ಗೆರೆಯುದ್ದಕ್ಕೂ ಗೋಂದು ಸವರಿ ನೂಲು ಅಂಟಿಸಿದೆ. ಗಡಿಗೆ ದಪ್ಪ ನೂಲು, ನದಿಗೆ ತೆಳು ನೂಲು, ಪರ್ವತಕ್ಕೆ ಗಂಟು ಹಾಕಿದ ನೂಲು. ಅವಳು ಬೆರಳಾಡಿಸಿ, "ಓ, ನದಿ ಇಲ್ಲಿ ತಿರುಗುತ್ತಾ!" ಅಂದಾಗ ನನಗಾದ ಸಂತೋಷವನ್ನು ಯಾವ ಬಡ್ತಿಯೂ ಕೊಟ್ಟಿರಲಿಲ್ಲ. ಸಂಜೆ ಮನೆಗೆ ಬಂದು ಹೆಂಡತಿಗೆ ಹೇಳಲು ನನ್ನ ಹತ್ತಿರ ಒಂದು ವಿಷಯ ಇರುತ್ತಿತ್ತು. ಗ್ರಂಥಾಲಯದವರ ಪರಿಚಯವಾಯಿತು. ಅವಳ ಗೆಳತಿಯರು, ಅವರ ಅಮ್ಮಂದಿರು ಮಾತಾಡಿಸತೊಡಗಿದರು. ಸ್ನೇಹ ಬೇಕು ಅಂತ ಹುಡುಕಿಕೊಂಡು ಹೋಗಿದ್ದರೆ ನನಗೆ ಸಿಗುತ್ತಿರಲಿಲ್ಲವೇನೋ. ಕೆಲಸದ ಜೊತೆಗೆ ತಾನಾಗಿ ಬಂತು.

ಆಸ್ಟ್ರೇಲಿಯಾದಲ್ಲಿ 1990ರ ದಶಕದಲ್ಲಿ ಶುರುವಾದ ಮೆನ್ಸ್ ಶೆಡ್‌ಗಳೂ ಹೀಗೇ. ವಯಸ್ಸಾದ ಗಂಡಸರು ಒಂದು ಶೆಡ್‌ನಲ್ಲಿ ಸೇರಿ ಮರಗೆಲಸ ಮಾಡುತ್ತಾರೆ, ಕೆಟ್ಟ ಸಾಮಾನು ರಿಪೇರಿ ಮಾಡುತ್ತಾರೆ. ಎದುರುಬದುರು ಕೂತು "ಮನಸ್ಸಿಗೆ ಏನಾಗ್ತಿದೆ ಹೇಳಿ" ಅಂದರೆ ನನ್ನಂಥವರ ಬಾಯಿಂದ ಮಾತು ಬರುವುದಿಲ್ಲ. ಪಕ್ಕಪಕ್ಕದಲ್ಲಿ ನಿಂತು ಉಜ್ಜುಗೊರಡು ತಳ್ಳುವಾಗ ಮಾತು ಬರುತ್ತದೆ. ಈಗ ಬ್ರಿಟನ್, ಐರ್ಲೆಂಡ್, ಕೆನಡಾದಲ್ಲೂ ಅಂಥ ಶೆಡ್‌ಗಳಿವೆ.

ಇನ್ನೂ ದೊಡ್ಡ ಉದಾಹರಣೆ ಜಿಂಬಾಬ್ವೆಯದು. ಇದನ್ನು ನೀವು ದಯವಿಟ್ಟು ನಿಧಾನವಾಗಿ ಓದಬೇಕು. ಡಿಕ್ಸನ್ ಚಿಬಾಂಡ ಅಲ್ಲಿಯ ಮನೋವೈದ್ಯರು. ಅವರ ರೋಗಿಯೊಬ್ಬಳು, ಚಿಕ್ಕ ವಯಸ್ಸಿನವಳು, ಬಸ್ಸಿಗೆ ಹಣವಿಲ್ಲದೆ ಆಸ್ಪತ್ರೆಗೆ ಬರಲಾಗದೆ ಜೀವ ಕಳೆದುಕೊಂಡಳು. ಜನರಿರುವ ಕಡೆಗೇ ಚಿಕಿತ್ಸೆ ಹೋಗಬೇಕು ಅಂತ ಚಿಬಾಂಡ ಹೊರಟರೆ ದಾದಿಯರಿರಲಿಲ್ಲ, ಕೋಣೆ ಇರಲಿಲ್ಲ. ಸಿಕ್ಕಿದ್ದು 14 ಜನ ಅಜ್ಜಿಯರು. 2006ರಲ್ಲಿ ಹರಾರೆಯಲ್ಲಿ ಆ ಅಜ್ಜಿಯರು ಆರೋಗ್ಯ ಕೇಂದ್ರದ ಹೊರಗೆ ಒಂದು ಮರದ ಬೆಂಚಿನ ಮೇಲೆ ಕೂತು ಜನರ ಕಷ್ಟ ಕೇಳಲು ಶುರು ಮಾಡಿದರು. ಫ್ರೆಂಡ್‌ಶಿಪ್ ಬೆಂಚ್ ಅಂತ ಅದರ ಹೆಸರು. ಖಿನ್ನತೆಗೆ ಅಲ್ಲಿಯ ಶೋನಾ ಭಾಷೆಯಲ್ಲಿ "ಕುಫುಂಗಿಸಿಸ" ಅನ್ನುತ್ತಾರೆ. ಜಾಸ್ತಿ ಯೋಚನೆ ಮಾಡುವುದು ಅಂತ ಅರ್ಥ. ಅಜ್ಜಿಯರು ಆ ಮಾತಿನಲ್ಲೇ ಮಾತಾಡಿದರು. ಅವರಿಗೆ ಸರಿಯಾದ ತರಬೇತಿ ಕೊಟ್ಟಿದ್ದರು, ಮೇಲೆ ನೋಡಿಕೊಳ್ಳುವವರಿದ್ದರು. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 24 ಕೇಂದ್ರಗಳ 573 ಜನರನ್ನು ಹೋಲಿಸಿ ನೋಡಿದರು. ಆರು ತಿಂಗಳ ನಂತರ, ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಬೆಂಚಿಗೆ ಬಂದವರು ಎಷ್ಟೋ ಚೆನ್ನಾಗಿದ್ದರು.

ಪಾಪ, ವಯಸ್ಸಾದವರು, ಹೊತ್ತು ಹೋಗಲಿ ಅಂತ ಯಾರೂ ಆ ಅಜ್ಜಿಯರನ್ನು ಕರೆಯಲಿಲ್ಲ. ಅವರು ಬರದಿದ್ದರೆ ಕೆಲಸ ನಿಲ್ಲುತ್ತಿತ್ತು. ನಾವು ನಿವೃತ್ತರಿಗೆ ಹೇಳುವುದೆಲ್ಲ ಹೊತ್ತು ಕಳೆಯುವ ಉಪಾಯ. ವಾಕಿಂಗ್ ಹೋಗಿ, ಟೀವಿ ನೋಡಿ, ಮೊಮ್ಮಕ್ಕಳ ಜೊತೆ ಆಡಿ. ಇವೆಲ್ಲ ಒಳ್ಳೆಯವೇ. ಆದರೆ ನಾನು ವಾಕಿಂಗ್‌ಗೆ ಹೋಗದಿದ್ದರೆ ಯಾರ ಕೆಲಸವೂ ನಿಲ್ಲುವುದಿಲ್ಲ.

ಇನ್ನು ನಿಮ್ಮಲ್ಲಿ ನನ್ನ ಕೇಳಿಕೆ.

ನಿವೃತ್ತಿಗೆ ಒಂದು ವರ್ಷ ಮೊದಲು ಹಣದ ಲೆಕ್ಕ ಹೇಳಲು ಕರೆಯುತ್ತೀರಲ್ಲ, ಅವತ್ತೇ ದಿನಗಳ ಲೆಕ್ಕವನ್ನೂ ಮಾತಾಡಿ. ಮನೆಯವರನ್ನೂ ಕರೆಯಿರಿ. ಅವರ ದಿನವೂ ಬದಲಾಗುತ್ತದೆ. ಹೆಣ್ಣುಮಕ್ಕಳು ನಿವೃತ್ತರಾದರೆ "ಇನ್ನು ಮನೆ ನೋಡ್ಕೊಂಡು ಆರಾಮಾಗಿರಿ ಮೇಡಂ" ಅಂತ ಮಾತ್ರ ದಯವಿಟ್ಟು ಹೇಳಬೇಡಿ. ಅವರು ಅಷ್ಟೂ ವರ್ಷ ಮನೆಯನ್ನೂ ನೋಡಿಕೊಂಡೇ ಬಂದಿರುತ್ತಾರೆ. ಅವರಿಂದ ಹೋಗುವುದು ಹೊರಗಿನ ಬದುಕು, ಉಳಿಯುವುದು ಒಲೆ.

ಕೊನೆಯ ಆರು ತಿಂಗಳು ಅವರ ಪಕ್ಕದಲ್ಲಿ ಒಬ್ಬ ಹೊಸಬರನ್ನು ಕೂರಿಸಿ. ಕೊನೆಯ ದಿನ ಬೀರುವಿನ ಕೀಲಿಕೈ ಕೊಟ್ಟರೆ ಅದು ಕೆಲಸ ವಹಿಸಿಕೊಟ್ಟ ಹಾಗಲ್ಲ. ಆ ಹಿರಿಯರು ಎದ್ದು ನಿಂತು ಕೆಳಗಿನ ಅರೆ ತೋರಿಸಿದರಲ್ಲ, ಅಂಥ ಎಷ್ಟು ಅರೆಗಳು ಅವರ ತಲೆಯಲ್ಲಿದ್ದವೋ! ನಾವು ಯಾರೂ ಕೇಳಲಿಲ್ಲ.

ನಿಮ್ಮ ಸುತ್ತ ಯಾರಿಗೆ ಏನು ಬೇಕಿದೆ ಅಂತ ಒಂದು ಪುಸ್ತಕ ಇಡಿ. ಓದಿ ಹೇಳುವವರು ಬೇಕಾದ ವಿದ್ಯಾರ್ಥಿಗಳು, ಫಾರಂ ತುಂಬಲು ಬಾರದವರು, ಒಂಟಿಯಾಗಿ ಆಸ್ಪತ್ರೆಗೆ ಓಡಾಡುವ ರೋಗಿಗಳು, ಲೆಕ್ಕ ಬರೆಯುವವರಿಲ್ಲದ ಸಣ್ಣ ಸಂಘಗಳು. ಒಬ್ಬ ನೌಕರರಿಗೆ ಇದನ್ನು ಕೆಲಸದ ಭಾಗವಾಗಿಯೇ ಕೊಡಿ. ನಿವೃತ್ತರಾಗುವವರ ಮುಂದೆ ಆ ಪುಸ್ತಕ ಇಟ್ಟು, ಇದರಲ್ಲಿ ನಿಮಗೆ ಯಾವುದು ಇಷ್ಟ ಅಂತ ಕೇಳಿ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಇದನ್ನು ಪುಕ್ಕಟೆ ದುಡಿಮೆಯ ದಾರಿ ಮಾಡಿಕೊಳ್ಳಬೇಡಿ. ಸಂಬಳ ಕೊಟ್ಟು ಒಬ್ಬ ಯುವಕನಿಗೆ ಕೊಡಬೇಕಾದ ಕೆಲಸವನ್ನು ನಿವೃತ್ತರಿಂದ ಬಿಟ್ಟಿಯಾಗಿ ಮಾಡಿಸಿದರೆ ಇಬ್ಬರಿಗೂ ಅನ್ಯಾಯ. ಯಾರನ್ನೂ ಬಲವಂತವೂ ಮಾಡಬೇಡಿ. ಮೈ ಸವೆಯುವ ಹಾಗೆ ದುಡಿದವರಿಗೆ ಮೊದಲು ಬೇಕಾಗಿರುವುದು ನಿದ್ದೆ. ಒಂದು ವರ್ಷ ಸುಮ್ನೆ ಕೂರುತ್ತೇನೆ ಅಂದರೆ ಕೂರಲಿ. ಇನ್ನು ಪಿಂಚಣಿಯೇ ಇಲ್ಲದೆ, ಮೈಯಲ್ಲಿ ಶಕ್ತಿ ಇರುವವರೆಗೂ ದುಡಿಯಲೇಬೇಕಾದವರು ಕೋಟಿಗಟ್ಟಲೆ ಇದ್ದಾರೆ. ಅವರ ಮುಂದೆ ನನ್ನ ಖಾಲಿತನದ ಮಾತು ಆಡಲು ನನಗೂ ಹಿಂಜರಿಕೆಯಾಗುತ್ತದೆ. ಅವರಿಗೆ ಬೇಕಾದದ್ದು ಬೇರೆ, ಇದಕ್ಕಿಂತ ತುರ್ತಿನದು.

ಕೊನೆಯ ಕೇಳಿಕೆ ಬಹಳ ಚಿಕ್ಕದು. ಒಂದು ಫೋನ್. ನಿವೃತ್ತರಾದ ಮೂರನೇ ತಿಂಗಳಿಗೆ, ಸಂಭ್ರಮ ಇಳಿಯುವ ಹೊತ್ತಿಗೆ ಮಾಡಿ. "ಹೇಗಿದ್ದೀರಿ" ಅಂತ ಮಾತ್ರ ಕೇಳಿದರೆ "ಚೆನ್ನಾಗಿದ್ದೀನಿ" ಅನ್ನುತ್ತಾರೆ. ನಾನೂ ಹಾಗೇ ಅಂದೆ. ಏನಾದರೂ ನಿಜವಾದ ಸಂದೇಹ ಇಟ್ಟುಕೊಂಡು ಮಾಡಿ. ನಿಮಗೆ ಗೊತ್ತಿಲ್ಲದ, ಅವರಿಗೆ ಗೊತ್ತಿರುವ ಒಂದು ವಿಷಯ ಇದ್ದೇ ಇರುತ್ತದೆ.

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1938ರಿಂದ ಒಂದು ಅಧ್ಯಯನ ನಡೆದುಕೊಂಡು ಬಂದಿದೆ. 724 ಜನರ ಬದುಕನ್ನು ಹರೆಯದಿಂದ ಮುಪ್ಪಿನವರೆಗೆ ಹಿಂಬಾಲಿಸಿದರು. ಅದರ ಈಗಿನ ಮುಖ್ಯಸ್ಥರು ರಾಬರ್ಟ್ ವಾಲ್ಡಿಂಗರ್. ಸಹೋದ್ಯೋಗಿಗಳ ಜಾಗಕ್ಕೆ ಹೊಸ ಜೊತೆಗಾರರನ್ನು ತಾವಾಗಿ ಹುಡುಕಿಕೊಂಡವರೇ ನಿವೃತ್ತಿಯಲ್ಲಿ ಎಲ್ಲರಿಗಿಂತ ಸಂತೋಷವಾಗಿದ್ದರು ಅನ್ನುತ್ತಾರೆ ಅವರು. ತಾವಾಗಿ ಅನ್ನುವುದನ್ನು ಒಪ್ಪುತ್ತೇನೆ. ಆದರೆ ನನ್ನನ್ನು ಹೆಂಡತಿ ತಳ್ಳಿದಳು. ತಳ್ಳುವವರಿಲ್ಲದ ಎಷ್ಟೋ ಜನ ಇದ್ದಾರೆ.

ಆ ಹಿರಿಯರಿಗೆ ನಾನು ಕಳೆದ ವರ್ಷ ಫೋನ್ ಮಾಡಿದೆ. ಬಹಳ ತಡವಾಗಿತ್ತು. ಹೆಸರು ಹೇಳಿದ ಮೇಲೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ "ಏನಪ್ಪ, ಯಾವುದಾದ್ರೂ ಕಾಗದ ಬೇಕಿತ್ತಾ?" ಅಂದರು. ಇಲ್ಲ ಸರ್, ನಿಮ್ಮ ಅಕ್ಷರ ಬೇಕಿತ್ತು, ಅಂದೆ. ಅವರ ಕೈಬರಹ ಮುತ್ತಿನಂಥದ್ದು. ತಾನೇ ಬರೆಯಲಾಗದ ಒಬ್ಬ ಹುಡುಗನಿಗೆ ಪರೀಕ್ಷೆಗೆ ಸ್ಕ್ರೈಬ್, ಅಂದರೆ ಅವನ ಪರವಾಗಿ ಬರೆದುಕೊಡುವವರನ್ನು, ಹುಡುಕುತ್ತಿದ್ದೆವು. ಆ ವಿಷಯ ಓದಿದವರು ಬರೆಯಬಾರದು ಅಂತ ಪರೀಕ್ಷೆಯವರ ನಿಯಮ. ಹುಡುಗ ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು, ಒಂದು ಪದವನ್ನೂ ತಿದ್ದುವಂತಿಲ್ಲ. ಎಲ್ಲ ಕೇಳಿಕೊಂಡು, "ಎಷ್ಟು ಗಂಟೆಗೆ ಬರಬೇಕು?" ಅಂದರು. ಹತ್ತಕ್ಕೆ ಅಂದೆ. ಒಂಬತ್ತು ಗಂಟೆಗೇ ಬಂದು ಗೇಟಿನ ಹತ್ತಿರ ನಿಂತಿದ್ದರು. ಜೇಬಿನಲ್ಲಿ ಮೂರು ಪೆನ್ನು.

ನಿಮ್ಮ ಮೇಜಿನ ಮೇಲೆ ಈ ತಿಂಗಳ ಪಟ್ಟಿ ಇದೆಯಲ್ಲ, ಅದರಲ್ಲಿರುವ ಒಂದೊಂದು ಹೆಸರಿನ ಮುಂದೆಯೂ ಮೂರು ತಿಂಗಳ ನಂತರದ ತಾರೀಖು ಬರೆದಿಡಿ. ಸದ್ಯಕ್ಕೆ ಅಷ್ಟು ಮಾಡಿದರೂ ಸಾಕು.

ಇಲ್ಲಿಗೆ ನಿಲ್ಲಿಸುತ್ತೇನೆ. ನಾಲ್ಕು ಗಂಟೆಗೆ ಪಾಠ ಇದೆ. ಇವತ್ತು ಗಾಳಿ ಬೀಸುವ ದಿಕ್ಕುಗಳು. ನೂಲು ಇನ್ನೂ ಅಂಟಿಸಿಲ್ಲ.

ಇಂತಿ,
ಒಂದು ಕಾಲದಲ್ಲಿ ನಿಮ್ಮ ಪಟ್ಟಿ ಬರೆಯುತ್ತಿದ್ದವನು